ಹಸಿರು ಹಿಡಿದ ರಾಣಿ ರೂಪಾಯಿ

ತುಮಕೂರು ಕಡೆಯ ಪೇಟೆ ಬೀದಿಯೊಂದರ ತುದಿಯಲ್ಲಿ, ತಲೆ ತಗ್ಗಿಸಿ ಒಳಹೋಗಬೇಕಾದ ಆಚಾರ್ರ ಅಂಗಡಿ. ಇದ್ದಿಲಿನ ಬಿಸಿ, ಪುಟ್ಟ ಸುತ್ತಿಗೆಯ ಟಿಕ್ ಟಿಕ್, ಬಿಳಿಗಾರ ಉಬ್ಬಿ ಕುದಿಯುವ ಸಣ್ಣ ಸದ್ದು. ಚಾಪೆಯ ಅಂಚಿನಲ್ಲಿ ನಾವೂ ಕೂರೋಣ. ಮುಪ್ಪಿನ ಗೌಡರೊಬ್ಬರು ಪಂಚೆಯ ಗಂಟು ಬಿಚ್ಚಿ, ತೆಂಗಿನ ಸಸಿಗೆ ಗುಂಡಿ ತೋಡುವಾಗ ಸಿಕ್ಕಿದ ಬಿಲ್ಲೆಯೊಂದನ್ನು ಒರೆಗಲ್ಲಿನ ಪಕ್ಕ ಇಟ್ಟಿದ್ದಾರೆ. ಮೈಯೆಲ್ಲ ಕಪ್ಪು, ಅಕ್ಷರಗಳ ಸಂದಿಯಲ್ಲಿ ಕೆಮ್ಮಣ್ಣು, ಅಂಚಿನಲ್ಲಿ ಹಸಿರು ಕಿಲುಬು.

‘ತಾಮ್ರಕ್ಕೆ ಬೆಳ್ಳಿ ಮುಲಾಮು ಹಾಕಿರೋದು ಅಂತಾನೆ ಮಗ. ಹುಣಸೆಹಣ್ಣು ಹಾಕಿ ಉಜ್ಜಿಬಿಡ್ಲಾ ಆಚಾರ್ರೇ?’

‘ಉಜ್ಜಬ್ಯಾಡಿ ಗೌಡ್ರೇ, ಅದರ ಮುಖವೇ ಹೋಗ್ತದೆ.’

ಬಟ್ಟಲ ನೀರಿನಲ್ಲಿ ಮಣ್ಣು ತಾನಾಗಿ ನೆನೆದು ಬಿಡುವವರೆಗೆ ಕಾಯುವ ಆ ತಾಳ್ಮೆಯೇ ನನಗೆ ಈ ವಿದ್ಯೆಯ ಅರ್ಧ ಭಾಗ ಅನ್ನಿಸುತ್ತದೆ. ಸಂತೆಯಲ್ಲಿ ನಾಣ್ಯ ಪರೀಕ್ಷಿಸುತ್ತಿದ್ದವನನ್ನು ಹಿಂದೆ ನೋಟಗಾರ ಎಂದೇ ಕರೆಯುತ್ತಿದ್ದರು. ಮೆಲ್ಲಗೆ ಕಿರೀಟ ಮೂಡಿತು, ಕೊರಳ ಹಾರ ಮೂಡಿತು, ‘ವಿಕ್ಟೋರಿಯಾ ಕ್ವೀನ್’ ಎಂಬ ಇಂಗ್ಲಿಷ್ ಅಕ್ಷರ, ಹಿಂದೆ 1862. ಆಚಾರ್ರ ಹುಬ್ಬು ಸಡಿಲಾಯಿತು. 1877ರಿಂದ ರಾಣಿ ‘ಎಂಪ್ರೆಸ್’ ಆದಳು. 1862ರ ಪಕ್ಕ ಆ ಪದ ಕಂಡಿದ್ದರೆ ಖೋಟಾ ಎಂದು ಅಲ್ಲೇ ತೀರ್ಮಾನವಾಗುತ್ತಿತ್ತು. ಇಸವಿ 1862 ಎಂದಿದ್ದರೂ ಅದು ಆ ವರ್ಷದ್ದೇ ಆಗಬೇಕಿಲ್ಲ. ಟಂಕಸಾಲೆಗಳು 1874ರ ತನಕ ಅದೇ ಇಸವಿ ಹಾಕಿ ಅಚ್ಚೊತ್ತುತ್ತಿದ್ದವು.

ಕಣ್ಣಿಗೆ ಭೂತಗನ್ನಡಿ ಏರಿತು. ಅಂಚಿನ ಗೀರುಗಳು ಒಂದೇ ಸಮ, ಎರಕದವರು ಅರದಿಂದ ಉಜ್ಜಿ ಮುಚ್ಚುವ ಬೆಸುಗೆಗೆರೆ ಇಲ್ಲ, ಅಕ್ಷರಗಳ ಬುಡದಲ್ಲಿ ಗುಳ್ಳೆಯೊಡೆದ ತೂತಿಲ್ಲ. ತಕ್ಕಡಿ 11.52 ಗ್ರಾಂ ತೋರಿತು. ಹೊಸದರಲ್ಲಿ ಇದು ಸರಿಯಾಗಿ ಒಂದು ತೊಲ, 11.66 ಗ್ರಾಂ, ಕೈಯಿಂದ ಕೈಗೆ ಸವೆದದ್ದು ಅಷ್ಟು. ಆಮೇಲೆ ದಾರ ಕಟ್ಟಿ, ತಕ್ಕಡಿಯ ಮೇಲಿನ ನೀರ ಲೋಟದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟರು. ಮುಳ್ಳು 1.12 ಗ್ರಾಂನಷ್ಟು ಏರಿ ನಿಂತಿತು, ಬಿಲ್ಲೆ ಸರಿಸಿದ ನೀರಿನ ತೂಕ ಅದು. ನೀರಿಗಿಂತ ಹತ್ತು ಪಟ್ಟಿಗೂ ಮೀರಿದ ಭಾರ. ಇದೇ ತೂಕದ ತಾಮ್ರವಾಗಿದ್ದರೆ 1.29 ತೋರಬೇಕಿತ್ತು.

‘ಹಾಗಾದ್ರೆ ಆ ಹಸಿರು?’

ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಮಣ್ಣಿನ ತೇವ ಆ ಒಂದು ಪಾಲನ್ನು ಹೊರಗೆಳೆದು ಹಸಿರಾಗಿಸಿದೆ. ಮುಲಾಮಿನದಾದರೆ ಕೆನ್ನೆ, ಮೂಗು ಸವೆದ ಕಡೆಯಲ್ಲೇ ಕೆಂಪು ಇಣುಕಬೇಕು. ಇಲ್ಲಿ ಸವೆದಲ್ಲೂ ಬಿಳುಪೇ.

ಕೊನೆಗೆ ಕಲ್ಲಿನ ಮೇಲೆ ಬೆರಳಗಲ ಎತ್ತರದಿಂದ ಬಿಟ್ಟರು. ಠಣ್... ದೇವರ ಮನೆಯ ಗಂಟೆಯ ಹಾಗೆ ಎಳೆದು, ಸಣ್ಣಗಾಗಿ ಅಡಗಿತು. ಬಿರುಕಿದ್ದರೆ, ಪದಕಕ್ಕೆಂದು ಬೆಸೆದಿದ್ದರೆ ಅಸಲಿಯೂ ಮಂಕಾಗಿ ನುಡಿಯುತ್ತದೆ. ಅದಕ್ಕೇ ಕಿವಿಯ ಸರದಿ ಕೊನೆಗೆ.

ಆಚಾರ್ರು ಬೆಲೆ ಕಟ್ಟಲಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. ‘ಮೊದಲು ತಾಲೂಕು ಕಚೇರಿಗೆ ಹೋಗಿ ಬನ್ನಿ’ ಎಂದು ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಗೌಡರು ಮೆಟ್ಟಿಲಲ್ಲೇ ನಿಂತರು. ‘ಆಚಾರ್ರೇ, ಆ ಗುಂಡೀಲಿ ಸಸಿ ನೆಟ್ಟು ಮಣ್ಣು ಮುಚ್ಚಿಬಿಟ್ಟೆನಲ್ಲ.’