ಫ್ರಾನ್ಸ್‌ನಲ್ಲಿ ಜನರ ಜೊತೆ ಬೆರೆಯೋದು ಹೇಗೆ?

ಫ್ರೆಂಚರು ಬಿಗುಮಾನದವರು ಅಂತ ಕೇಳಿದ್ದೀರಾ? ನಂಬಬೇಡಿ. ಅವರ ಮರ್ಯಾದೆಯ ಕ್ರಮ ತಿಳಿದರೆ ಸಾಕು, ಮಾತು ತಾನಾಗೇ ಬೆಳೆಯುತ್ತೆ.

ಬೇಕರಿ, ಔಷಧಿ ಅಂಗಡಿ, ಬಸ್ಸು, ಎಲ್ಲಿಗೆ ಹೋದರೂ ಮೊದಲು ‘ಬೋಂಜೂರ್’ ಹೇಳಿ. ಬೇಕಾದ್ದನ್ನು ಆಮೇಲೆ ಕೇಳಿ. ನಮಸ್ಕಾರವಿಲ್ಲದೆ ನೇರ ಪ್ರಶ್ನೆ ಕೇಳೋದು ಅಲ್ಲಿ ಒರಟುತನ.

ವಾರದ ಸಂತೆಗೆ ಹೋಗಿ. ಕಾಮಾಂಬೇರ್ ಚೀಸ್ ಕೇಳಿದರೆ, ‘ಇವತ್ತೇ ತಿನ್ನುತ್ತೀರಾ, ನಾಳೆಗಾ?’ ಅಂತ ವಿಚಾರಿಸಿ, ಒತ್ತಿ ನೋಡಿ, ತಕ್ಕ ಹದದ್ದನ್ನೇ ಆರಿಸಿಕೊಡುವ ವ್ಯಾಪಾರಿಗಳಿದ್ದಾರೆ. ಅವರ ಸಲಹೆ ಕೇಳಿ. ತಮ್ಮ ಕಸುಬಿನ ಬಗ್ಗೆ ಅವರು ಮನಸಾರೆ ಮಾತಾಡುತ್ತಾರೆ.

ದಕ್ಷಿಣದ ಊರುಗಳಲ್ಲಿ ಸಂಜೆ ಮರದ ನೆರಳಲ್ಲಿ ಪೆತಾಂಕ್ ನಡೆಯುತ್ತೆ. ಉಕ್ಕಿನ ಗುಂಡು ಎಸೆಯುವ ಆಟ. ನಿಂತು ನೋಡಿ, ಒಳ್ಳೆ ಎಸೆತಕ್ಕೆ ಮೆಚ್ಚುಗೆ ತೋರಿಸಿ.

ಜೂನ್ 21ಕ್ಕೆ ಅಲ್ಲಿದ್ದರೆ ಇನ್ನೂ ಚೆನ್ನ. 1982ರಿಂದ ಆ ದಿನ ಸಂಗೀತದ ಹಬ್ಬ. ಬೀದಿಬೀದಿಯಲ್ಲೂ ಹಾಡು, ಟಿಕೆಟ್ ಬೇಕಿಲ್ಲ.

ಯಾರಾದರೂ ಊಟಕ್ಕೆ ಕರೆದರೆ ಹೂವು ಒಯ್ಯಿರಿ. ಆದರೆ ಸೇವಂತಿಗೆ ಬೇಡ, ಅಲ್ಲಿ ಅದು ಸಮಾಧಿಗೆ ಇಡುವ ಹೂವು. ಹೇಳಿದ ಹೊತ್ತಿಗಿಂತ ಮುಂಚೆ ಹೋಗಲೂಬೇಡಿ.

ಕೊನೆಯ ಮಾತು: ದಿನಕ್ಕೊಂದು ಊರು ಸುತ್ತಬೇಡಿ. ಒಂದೇ ಊರಲ್ಲಿ ಕೆಲವು ದಿನ ಇದ್ದು, ಅದೇ ಬೇಕರಿಗೆ ಮತ್ತೆ ಮತ್ತೆ ಹೋಗಿ. ಪರಿಚಯ ಬೆಳೆಯೋದು ಹಾಗೆ.