ಹರಳಿನ ಮೂಲಮನೆ

ಬೇಸಗೆಯ ರಜೆಯಲ್ಲಿ ಆಳಂದ ತಾಲ್ಲೂಕಿನ ನರೋಣಾಕ್ಕೆ, ಅಣ್ಣನ ಮನೆಗೆ ಹೋಗಿದ್ದೆನು. ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಅಣ್ಣನ ಮಗಳು ರಸಾಯನಶಾಸ್ತ್ರದ ಪುಸ್ತಕವೊಂದನ್ನು ಹಿಡಿದು ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಈಗ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಿರುವ ಹುಡುಗಿ.

"ಕಾಕಾ, ಇದರಾಗ ಪ್ರಿಮಿಟಿವ್ ಯೂನಿಟ್ ಸೆಲ್ ಅಂತ ಅದ. ನಿಘಂಟಿನಾಗ ನೋಡಿದರ ಪ್ರಿಮಿಟಿವ್ ಅಂದ್ರ ಅನಾಗರಿಕ ಅಂತ ಬರದಾರ. ಉಪ್ಪಿನ ಹರಳಿನಾಗ ಅನಾಗರಿಕತನ ಎಲ್ಲಿಂದ ಬಂತು?"

ನಾನು ನಕ್ಕೆನು, ಅವಳು ನಗಲಿಲ್ಲ. "ಕನ್ನಡದಾಗ ಕಲತವರಿಗಿ ಇದು ತಿಳಿಯಂಗಿಲ್ಲ. ಬರೂ ವರ್ಷ ಆರ್ಟ್ಸ್ ತಗೋತೀನಿ" ಎಂದಳು. ಆರ್ಟ್ಸಿಗೆ ಬರುವವರನ್ನು ಕನ್ನಡದ ಅಧ್ಯಾಪಕನಾದ ನಾನು ಬೇಡವೆನ್ನುವುದುಂಟೆ? ಆದರೆ ಪ್ರೀತಿಯಿಂದ ಬರುವುದು ಬೇರೆ, ಒಂದು ಪದಕ್ಕೆ ಅಂಜಿ ಓಡಿಬರುವುದು ಬೇರೆ. ಪುಸ್ತಕವನ್ನು ತೆಗೆದುಕೊಂಡು ನಾನೂ ಓದತೊಡಗಿದೆನು.

ಮರುದಿನ ಮುಂಜಾನೆ ಅಂಗಳದ ಶಹಾಬಾದಿ ಕಲ್ಲಿನ ಮೇಲೆ ವೈನಿಯವರು ರಂಗೋಲಿಯ ಚುಕ್ಕಿಗಳನ್ನು ಇಟ್ಟಿದ್ದರು. ಸಾಲುಸಾಲಾಗಿ ಚುಕ್ಕಿ, ಪ್ರತಿ ನಾಲ್ಕು ಚುಕ್ಕಿಗಳ ನಟ್ಟನಡುವೆ ಮತ್ತೊಂದು. ಹುಡುಗಿಯನ್ನು ಕರೆದು, ನಾಲ್ಕು ಮೂಲೆಗಳನ್ನು ಸೇರಿಸಿ ಚೌಕ ಬರೆಯಿಸಿ, ಅದರಲ್ಲಿ ಚುಕ್ಕಿ ಎಷ್ಟೆಂದು ಕೇಳಿದೆನು. ಐದೆಂದಳು. ಆದರೆ ಮೂಲೆಯ ಒಂದೊಂದು ಚುಕ್ಕಿಯೂ ಸುತ್ತಲಿನ ನಾಲ್ಕು ಚೌಕಗಳ ಪಾಲಿನ ಆಸ್ತಿ. ನಾಲ್ಕು ಕಾಲು ಸೇರಿ ಒಂದು, ನಡುವಿನದೊಂದು, ಒಟ್ಟು ಎರಡು. ಎರಡಿದ್ದ ಮನೆಯನ್ನು ಇನ್ನೂ ಪಾಲು ಮಾಡಬಹುದಲ್ಲವೆ? ಅವಳು ತುಸು ಯೋಚಿಸಿ, ಅಕ್ಕಪಕ್ಕದ ಎರಡು ನಡುಚುಕ್ಕಿಗಳನ್ನು ಅವುಗಳ ನಡುವಣ ಎರಡು ಮೂಲೆಗಳಿಗೆ ಕೂಡಿಸಿ, ವಾರೆಯಾದ ಚೌಕವೊಂದನ್ನು ಬರೆದಳು. ವಿಸ್ತೀರ್ಣ ಮೊದಲಿನದರ ಅರ್ಧ. ಪಾಲಿಗೆ ಒಂದೇ ಚುಕ್ಕಿ. ಅದನ್ನೇ ಪಕ್ಕಪಕ್ಕಕ್ಕೆ ಜೋಡಿಸುತ್ತ ಹೋದರೆ ಅಂಗಳವೆಲ್ಲ ತುಂಬುತ್ತದೆ. ಅದಕ್ಕಿಂತ ಕಿರಿದಾದ ಮನೆ ಆ ರಂಗೋಲಿಗೆ ಇಲ್ಲ.

ಹರಳುಶಾಸ್ತ್ರದ 'ಪ್ರಿಮಿಟಿವ್' ಎಂದರೆ ಇಷ್ಟೆ. ಲ್ಯಾಟಿನ್ ಭಾಷೆಯ 'ಪ್ರೈಮಸ್', ಅಂದರೆ 'ಮೊದಲನೆಯದು', ಎಂಬ ಮಾತಿನಿಂದ ಹುಟ್ಟಿದ ಪದವದು. ಮೂಲಕೋಶವೆಂದರೆ ನಮ್ಮ ಕಿವಿಗೆ ಸಾಕು. ನಾವು ಊಟಕ್ಕೆ ಬಳಸುವ ಉಪ್ಪನ್ನು ನೋಡಿ: ಪುಸ್ತಕದಲ್ಲಿ ಅದನ್ನು ೫.೬೪ ಆಂಗ್‌ಸ್ಟ್ರಾಮ್ ಅಂಚಿನ ಘನವಾಗಿ ಬರೆಯುತ್ತಾರೆ. ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಆ ಘನದಲ್ಲಿ ನಾಲ್ಕು ಸೋಡಿಯಂ, ನಾಲ್ಕು ಕ್ಲೋರಿನ್ ಅಯಾನುಗಳಿವೆ. ಅದರ ಮೂಲಕೋಶವಾದರೋ ಗಾತ್ರದಲ್ಲಿ ಕಾಲುಭಾಗ. ಓರೆಯಾಗಿ ನಿಂತ ಪೆಟ್ಟಿಗೆ. ಅದರಲ್ಲಿ ಸೋಡಿಯಂ ಒಂದು, ಕ್ಲೋರಿನ್ ಒಂದು. ಹಾಗಿದ್ದರೆ ದೊಡ್ಡ ಘನವನ್ನು ಏಕೆ ಉಳಿಸಿಕೊಂಡರು? ಹರಳಿನ ಸಮರೂಪತೆ ಕಣ್ಣಿಗೆ ಹೊಳೆಯುವುದು ಅದರಲ್ಲಿ.

ಇದು ನಮಗೆ ಹೊಸತಲ್ಲ. ಭಾಮಿನೀ ಷಟ್ಪದಿಯ ಓಟದಲ್ಲಿ ಮರಳಿ ಮರಳಿ ಬರುವುದು ಮೂರು–ನಾಲ್ಕು ಮಾತ್ರೆಗಳ ಜೋಡಿ. ಏಳು ಮಾತ್ರೆಯ ಆ ತುಣುಕೇ ಅದರ ಮೂಲಕೋಶ. ನಡುವಿನಿಂದ ನಾಲ್ಕು–ಮೂರು ಎಂದು ಎಣಿಸಹೊರಟರೂ ಮೊತ್ತ ಏಳೇ. ಹರಳಿನಲ್ಲಿಯೂ ಮೂಲಕೋಶದ ಆಕಾರವನ್ನು ಹಲವು ಬಗೆಯಲ್ಲಿ ಆರಿಸಬಹುದು, ಗಾತ್ರ ಮಾತ್ರ ಬದಲಾಗದು. ಆದರೂ ಷಟ್ಪದಿಯ ಚೆಲುವನ್ನು ಕಾಣಲು ಆರು ಸಾಲು ಬೇಕೇ ಬೇಕು.

ಈ ಚಿಕ್ಕ ಮನೆಯ ಸುತ್ತ ಬೆಂಗಳೂರಿನಲ್ಲಿ ದೊಡ್ಡದೊಂದು ವಾದ ನಡೆದುದುಂಟು. ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಜರ್ಮನಿಯ ಮ್ಯಾಕ್ಸ್ ಬಾರ್ನರು ೧೯೩೫ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಮುಂದೆ ೧೯೪೦ರ ದಶಕದಲ್ಲಿ ಇವರಿಬ್ಬರೂ ಎದುರಾಳಿಗಳಾದರು. ವಜ್ರದ ಮೂಲಕೋಶದಲ್ಲಿ ಇಂಗಾಲದ ಪರಮಾಣು ಎರಡೇ. ಹರಳು ಕಂಪಿಸುವಾಗ ನೆರೆಯ ಕೋಶಗಳು ಒಂದೇ ತಾಳದಲ್ಲಿ ಅಥವಾ ನೇರ ವಿರುದ್ಧ ತಾಳದಲ್ಲಿ ಮಿಡಿಯುತ್ತವೆಂದು ರಾಮನ್ನರ ವಾದ. ಆದುದರಿಂದ ಮೂರೂ ದಿಕ್ಕಿಗೆ ಇಮ್ಮಡಿಯಾದ, ಎಂಟು ಕೋಶಗಳ ಗುಂಪನ್ನು ಅವರು ಲೆಕ್ಕಕ್ಕೆ ಹಿಡಿದರು. ಹದಿನಾರು ಪರಮಾಣು, ಒಂದೊಂದಕ್ಕೆ ಮೂರು ಚಲನೆ, ಒಟ್ಟು ೪೮. ಇಡಿಯಾಗಿ ಸರಿಯುವ ಮೂರನ್ನು ಕಳೆದರೆ ೪೫ ಬಗೆಯ ಕಂಪನ. ಬಾರ್ನರು ಒಪ್ಪಲಿಲ್ಲ. ಕಟ್ಟಡ ಕೋಶಕೋಶವಾಗಿ ಮರುಕಳಿಸಿದರೂ ಅದರಲ್ಲಿ ಹರಿಯುವ ಅಲೆ ಎರಡು ಕೋಶಕ್ಕೊಮ್ಮೆಯೇ ಮರುಕಳಿಸಬೇಕೆಂಬ ನಿಯಮವಿಲ್ಲ. ಅಲೆಯ ಉದ್ದ ಎಷ್ಟಾದರೂ ಇರಬಹುದು ಎಂದರು.

ರಾಮನ್ನರ ಶಿಷ್ಯ ಆರ್. ಎಸ್. ಕೃಷ್ಣನ್ನರು ವಜ್ರದ ರೋಹಿತದಲ್ಲಿ ಕಂಡ ಚೂಪಾದ ಗೆರೆಗಳು ರಾಮನ್ನರಿಗೆ ಗೆಲುವಿನಂತೆ ತೋರಿದವು. ಆದರೆ ಅಂಥ ಚೂಪುಗಳು ಬಾರ್ನರ ಸಿದ್ಧಾಂತದಿಂದಲೂ ಮೂಡುತ್ತವೆಂಬುದಕ್ಕೆ ೧೯೫೩ರಲ್ಲಿ ವಾನ್ ಹೋವ್ ಗಣಿತದ ಆಧಾರವನ್ನು ಕೊಟ್ಟರು. ನ್ಯೂಟ್ರಾನಿನ ಪ್ರಯೋಗಗಳೂ ಬಾರ್ನರ ಪಕ್ಷಕ್ಕೇ ಸಾಕ್ಷಿಯಾದವು. ೧೯೩೦ರಲ್ಲಿ ನೊಬೆಲ್ ಪಡೆದ ಪ್ರತಿಭೆಯೂ ಇಲ್ಲಿ ಎಡವಿತು. ಆದರೆ ಆ ಎಡವಿನ ದೆಸೆಯಿಂದ ವಜ್ರದ ರೋಹಿತವನ್ನು ಅದುವರೆಗೆ ಯಾರೂ ನೋಡದಷ್ಟು ಸೂಕ್ಷ್ಮವಾಗಿ ನಮ್ಮ ನಾಡಿನಲ್ಲಿ ನೋಡಿದರೆಂಬುದನ್ನು ಮರೆಯಲಾಗದು.

ಈ ಕಥೆಯನ್ನು ಹೇಳಿ ಮುಗಿಸಿದಾಗ ಹುಡುಗಿ ಕೇಳಿದಳು: "ಅಂದ್ರ ರಾಮನ್ನರಿಗೂ ಯೂನಿಟ್ ಸೆಲ್ ತೊಡಕಾಗಿತ್ತೇನು, ಕಾಕಾ?"

"ತೊಡಕಾಗಿತ್ತವ್ವಾ. ಆದರ ಅವರು ಪುಸ್ತಕ ಮುಚ್ಚಲಿಲ್ಲ" ಎಂದೆನು.

ಅವಳು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ 'ಮೂಲಕೋಶ' ಎಂದು ಬರೆದುಕೊಂಡಳು. ನಾನು ಊರು ಬಿಡುವವರೆಗೂ ಬರುವ ವರ್ಷದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.