ಒಂದು ಅಕ್ಷರ, ಮೂರು ಗೆರೆ: ಮಾಲಿಕ್ಯುಲರ್ ಜೆನೆಟಿಕ್ಸ್‌ನಲ್ಲಿ ನಾವು ಓದೋದಾದ್ರೂ ಏನು?

"ಬಯೋಟೆಕ್ ಅಂದ್ರೆ ಬರೀ ಬೈಹಾರ್ಟ್ ಮಾಡೋದು ಅಲ್ವಾ?" ಬೇರೆ ಬ್ರಾಂಚಿನ ಸ್ನೇಹಿತರು ನಮ್ಮನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎರಡನೇ ಪ್ರಶ್ನೆ ಪ್ಲೇಸ್‌ಮೆಂಟ್ ಬಗ್ಗೆ, ಅದನ್ನು ಇನ್ನೊಂದು ಸಲ ನೋಡೋಣ.

ಮೊದಲ ಪ್ರಶ್ನೆಯಲ್ಲಿ ಸ್ವಲ್ಪ ನಿಜ ಇದೆ. ಪಾಲಿಮರೇಸ್, ಲೈಗೇಸ್, ಹೆಲಿಕೇಸ್ ಅಂತ ಮುಗಿಯದಷ್ಟು ಹೆಸರುಗಳು. ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ನೋಟ್ಸ್ ನೋಡಿದರೆ ಟೆಲಿಫೋನ್ ಡೈರೆಕ್ಟರಿ ಥರ ಕಾಣುತ್ತೆ. ಆದರೆ ಹೆಸರುಗಳು ಆ ವಿಷಯದ ಹೊರಗಿನ ಸಿಪ್ಪೆ ಮಾತ್ರ. ಒಳಗಿರೋದು ಒಂದೇ ಪ್ರಶ್ನೆ: ಕಣ್ಣಿಗೆ ಕಾಣದ ಒಂದು ಅಕ್ಷರ ಹೀಗೇ ಇದೆ ಅಂತ ನಾವು ಹೇಗೆ ಹೇಳ್ತೀವಿ? ಅದನ್ನು ತಪ್ಪಾಗಿ ಹೇಳಿದರೆ ಏನಾಗುತ್ತೆ?

ಇಡೀ ಸಿಲಬಸ್ ವಿವರಿಸೋಕೆ ಹೋದರೆ ನೀವು ಎರಡನೇ ಪ್ಯಾರಾದಲ್ಲೇ ಟ್ಯಾಬ್ ಕ್ಲೋಸ್ ಮಾಡ್ತೀರಿ. ಅದಕ್ಕೆ ಒಂದೇ ಒಂದು ಕೇಸ್ ಹಿಡಿದು ಹೋಗೋಣ: ಸಿಕಲ್ ಸೆಲ್ ಅನೀಮಿಯ, ಕನ್ನಡದಲ್ಲಿ ಕುಡುಗೋಲು ಕಣ ರಕ್ತಹೀನತೆ. ಇದು ಎಲ್ಲೋ ದೂರದ ಕಾಯಿಲೆ ಅಲ್ಲ. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡೇ ಇರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ಈ ಕಡೆ ಸೋಲಿಗರು, ಜೇನುಕುರುಬರು ಮುಂತಾದ ಸಮುದಾಯಗಳಲ್ಲೂ ಇದು ಇದೆ.

ಮುನ್ನೂರು ಕೋಟಿಯಲ್ಲಿ ಒಂದು

ನಮ್ಮ ಡಿಎನ್ಎಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಒಂದು ಸೆಟ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್. ಇದರಲ್ಲಿ 11ನೇ ಕ್ರೋಮೋಸೋಮ್ ಮೇಲೆ ಹಿಮೋಗ್ಲೋಬಿನ್‌ನ ಒಂದು ಭಾಗಕ್ಕೆ, ಅಂದ್ರೆ ಬೀಟಾ ಗ್ಲೋಬಿನ್‌ಗೆ, ಸೂಚನೆ ಕೊಡುವ ಜೀನ್ ಇದೆ. ಅದರಲ್ಲಿ ಪ್ರೋಟೀನ್‌ಗೆ ನೇರವಾಗಿ ಬೇಕಾದ ಭಾಗ ಬರೀ 444 ಅಕ್ಷರ.

ಸೂಚನೆಯಿಂದ ಪ್ರೋಟೀನ್ ಆಗೋದು ಹೇಗೆ? ನಮ್ಮ ಲೈಬ್ರರಿಯ ರೆಫರೆನ್ಸ್ ಸೆಕ್ಷನ್ ನೆನಪಿಸಿಕೊಳ್ಳಿ. ಪುಸ್ತಕ ಹೊರಗೆ ಕೊಡಲ್ಲ, ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಂಡು ಬರಬೇಕು. ಡಿಎನ್ಎ ಆ ಪುಸ್ತಕ, ಮೆಸೆಂಜರ್ ಆರ್‌ಎನ್‌ಎ ಆ ಜೆರಾಕ್ಸ್. ಅದನ್ನು ಓದಿಕೊಂಡು ಅಮೈನೋ ಆಸಿಡ್‌ಗಳನ್ನು ಒಂದರ ಪಕ್ಕ ಒಂದು ಪೋಣಿಸೋದು ರೈಬೋಸೋಮ್.

ಇಲ್ಲಿ ಸಿಎಸ್‌ನವರಿಗೆ ಇಷ್ಟವಾಗೋ ಒಂದು ಲೆಕ್ಕ ಇದೆ. ಅಕ್ಷರ ನಾಲ್ಕು, ಅಮೈನೋ ಆಸಿಡ್ ಇಪ್ಪತ್ತು. ಎರಡೆರಡು ಅಕ್ಷರ ಸೇರಿಸಿ ಓದಿದರೆ 16 ಕೋಡ್ ಮಾತ್ರ ಸಿಗುತ್ತೆ, ಸಾಲಲ್ಲ. ಮೂರು ಮೂರು ಸೇರಿಸಿದರೆ 64, ಸಾಕಾಗಿ ಮಿಗುತ್ತೆ. ಆದ್ದರಿಂದ ಒಂದೇ ಅಮೈನೋ ಆಸಿಡ್‌ಗೆ ಎರಡು, ಮೂರು, ಆರು ಕೋಡ್ ಕೂಡ ಇವೆ. ಈ ಕೋಡ್ ಪಟ್ಟಿಯನ್ನು ಬಿಡಿಸಿದ್ದಕ್ಕೆ ನಮ್ಮ ಹರಗೋಬಿಂದ್ ಖೊರಾನಾ, ನಿರೆನ್‌ಬರ್ಗ್ ಮತ್ತು ಹಾಲಿ ಅವರಿಗೆ 1968ರ ನೊಬೆಲ್ ಬಂತು.

ಈ ಮಿಗುವಿಕೆಯಿಂದ ಏನು ಲಾಭ? ಕನ್ನಡದಲ್ಲೇ ನೋಡಿ. 'ಚಂದ' ಅನ್ನೋದಕ್ಕೆ ಒಂದು ಎತ್ವ ಸೇರಿಸಿ 'ಚೆಂದ' ಅಂತ ಬರೆದರೂ ಅರ್ಥ ಬದಲಾಗಲ್ಲ. ಅದೇ ಎತ್ವವನ್ನು 'ಬಲೆ'ಗೆ ಸೇರಿಸಿದರೆ 'ಬೆಲೆ' ಆಗುತ್ತೆ, ಮೀನುಗಾರ ಮಾರ್ಕೆಟ್‌ಗೆ ಬಂದಂಗಾಯ್ತು. ಜೀನ್‌ನಲ್ಲೂ ಹಾಗೇ. ಬೀಟಾ ಗ್ಲೋಬಿನ್‌ನ ಆರನೇ ಜಾಗದಲ್ಲಿ ಜಿಎಜಿ ಅಂತ ಇದೆ, ಅದರ ಅರ್ಥ ಗ್ಲುಟಾಮಿಕ್ ಆಸಿಡ್. ಕೊನೆಯ ಜಿ ಹೋಗಿ ಎ ಬಂದರೆ ಜಿಎಎ, ಅದೂ ಗ್ಲುಟಾಮಿಕ್ ಆಸಿಡ್ಡೇ. ಇದು ಚಂದ-ಚೆಂದ ಕೇಸ್. ಆದರೆ ನಡುವಿನ ಎ ಹೋಗಿ ಟಿ ಬಂದರೆ ಜಿಟಿಜಿ, ಅಂದ್ರೆ ವ್ಯಾಲಿನ್. ಇದು ಬಲೆ-ಬೆಲೆ ಕೇಸ್. ಸಿಕಲ್ ಸೆಲ್ ಕಾಯಿಲೆಯ ಮೂಲ ಇಷ್ಟೇ, ಒಂದು ಅಕ್ಷರ.

ಗ್ಲುಟಾಮಿಕ್ ಆಸಿಡ್‌ಗೆ ನೆಗೆಟಿವ್ ಚಾರ್ಜ್ ಇದೆ, ಅದಕ್ಕೆ ನೀರು ಅಂದ್ರೆ ಇಷ್ಟ. ವ್ಯಾಲಿನ್‌ಗೆ ನೀರು ಆಗಲ್ಲ. ಆಕ್ಸಿಜನ್ ಕಡಿಮೆಯಾದಾಗ ಈ ಬದಲಾದ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ನಾರಾಗುತ್ತವೆ. ಗುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗುತ್ತೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ತಡೆಯಲಾರದ ನೋವು ಬರುತ್ತೆ. ಸಾಮಾನ್ಯ ಕಣ ಸುಮಾರು 120 ದಿನ ಬದುಕಿದರೆ ಇದು 10-20 ದಿನಕ್ಕೇ ಒಡೆದುಹೋಗುತ್ತೆ. ಅದರಿಂದಲೇ ರಕ್ತಹೀನತೆ.

ಕಾಣದ್ದನ್ನು ನೋಡೋದು ಹೇಗೆ?

ಇಲ್ಲಿಂದ ಲ್ಯಾಬ್ ಶುರು. ಎಷ್ಟು ಒಳ್ಳೆ ಮೈಕ್ರೋಸ್ಕೋಪ್ ಇದ್ದರೂ ಎ ಜಾಗದಲ್ಲಿ ಟಿ ಇದೆಯಾ ಅಂತ ಇಣುಕಿ ನೋಡೋಕೆ ಆಗಲ್ಲ. ಬೇರೆ ಉಪಾಯ ಬೇಕು. ಮೂರು ಹೆಜ್ಜೆ.

ಮೊದಲನೆಯದು, ಬೇಕಾದ ತುಂಡನ್ನು ಮಾತ್ರ ಹೆಚ್ಚಿಸಿಕೊಳ್ಳೋದು, ಅಂದ್ರೆ ಪಿಸಿಆರ್. ಕೋವಿಡ್ ಟೈಮಲ್ಲಿ ಎಲ್ಲರೂ ಕೇಳಿದ ಹೆಸರು. 95 ಡಿಗ್ರಿಗೆ ಬಿಸಿ ಮಾಡಿದರೆ ಡಿಎನ್ಎಯ ಎರಡು ಎಳೆ ಬೇರೆಯಾಗುತ್ತವೆ, 55-60ರ ಹತ್ತಿರ ತಂದರೆ ಪ್ರೈಮರ್ ಅನ್ನೋ ಪುಟ್ಟ ತುಂಡುಗಳು ತಮ್ಮ ಜಾಗ ಹುಡುಕಿ ಕೂರುತ್ತವೆ, 72ರಲ್ಲಿ ಪಾಲಿಮರೇಸ್ ಹೊಸ ಎಳೆ ಕಟ್ಟುತ್ತೆ. ಪ್ರತಿ ಸುತ್ತಿಗೂ ಡಬಲ್. 30 ಸುತ್ತಿಗೆ ಎರಡರ ಘಾತ 30, ಲೆಕ್ಕದ ಪ್ರಕಾರ ಒಂದು ತುಂಡು ನೂರು ಕೋಟಿಗೂ ಹೆಚ್ಚು. ಪಿಸಿಆರ್ ಬಳಸಿ 1985ರಲ್ಲಿ ಪ್ರಕಟವಾದ ಮೊದಲ ಪೇಪರ್‌ನ ವಿಷಯವೇ ಸಿಕಲ್ ಸೆಲ್ ಪತ್ತೆ!

ಎರಡನೆಯದು, ಕತ್ತರಿ. ಬ್ಯಾಕ್ಟೀರಿಯಾಗಳಲ್ಲಿ ರೆಸ್ಟ್ರಿಕ್ಷನ್ ಎನ್‌ಜೈಮ್‌ಗಳು ಇರುತ್ತವೆ. ಒಂದೊಂದಕ್ಕೂ ಒಂದೊಂದು ಪದ ಮಾತ್ರ ಗೊತ್ತು. ಆ ಪದ ಸಿಕ್ಕಿದ ಕಡೆ ಡಿಎನ್ಎ ಕತ್ತರಿಸುತ್ತೆ, ಒಂದು ಅಕ್ಷರ ಆಚೀಚೆ ಆದರೂ ಮುಟ್ಟಲ್ಲ. ಎಂಎಸ್‌ಟಿ-2 ಅನ್ನೋದರ ಪದ ಇದು: ಸಿಸಿಟಿ, ಆಮೇಲೆ ಯಾವುದಾದರೂ ಒಂದು ಅಕ್ಷರ, ಆಮೇಲೆ ಎಜಿಜಿ. ಸಾಮಾನ್ಯ ಜೀನ್‌ನಲ್ಲಿ ಆ ಜಾಗದಲ್ಲಿ ಸಿಸಿಟಿ-ಜಿಎಜಿ-ಜಿ ಅಂತ ಬರುತ್ತೆ. ಪದ ಸಿಕ್ಕಿತು, ಕತ್ತರಿಸ್ತು. ಸಿಕಲ್ ಜೀನ್‌ನಲ್ಲಿ ಸಿಸಿಟಿ-ಜಿಟಿಜಿ-ಜಿ. ಪದ ತಪ್ಪಿತು, ಬಿಟ್ಟುಬಿಡ್ತು. ಕಾಯಿಲೆ ತಂದ ಅಕ್ಷರವೇ ಕತ್ತರಿಯ ಜಾಗವನ್ನೂ ಅಳಿಸಿಹಾಕಿದೆ.

ಮೂರನೆಯದು, ಜೆಲ್. ಡಿಎನ್ಎಗೆ ನೆಗೆಟಿವ್ ಚಾರ್ಜ್, ಹಾಗಾಗಿ ಕರೆಂಟ್ ಕೊಟ್ಟರೆ ಪಾಸಿಟಿವ್ ಕಡೆ ಓಡುತ್ತೆ. ಅಗರೋಸ್ ಜೆಲ್‌ನ ಸಂದುಗಳಲ್ಲಿ ಚಿಕ್ಕ ತುಂಡು ಬೇಗ ನುಸುಳುತ್ತೆ, ದೊಡ್ಡದು ಹಿಂದೆ ಉಳಿಯುತ್ತೆ. ರಷ್ ಇರೋ ಬಿಎಂಟಿಸಿ ಬಸ್ಸಲ್ಲಿ ಸಣ್ಣ ಹುಡುಗರು ಹಿಂದಿನ ಬಾಗಿಲಿಂದ ಹತ್ತಿ ಮುಂದೆ ಹೋಗಿಬಿಡ್ತಾರಲ್ಲ, ಹಾಗೆ. ಬಣ್ಣ ಸೇರಿಸಿ ಯುವಿ ಬೆಳಕಲ್ಲಿ ಹಿಡಿದರೆ ಹೊಳೆಯುವ ಗೆರೆಗಳು ಕಾಣ್ತವೆ.

ಉದಾಹರಣೆಗೆ ನಮ್ಮ ಪಿಸಿಆರ್ ತುಂಡು 500 ಅಕ್ಷರದ್ದು, ಅದರಲ್ಲಿ ಈ ಪದ ಒಂದೇ ಕಡೆ ಇದೆ, ಕತ್ತರಿಸಿದರೆ 300 ಮತ್ತು 200 ಆಗುತ್ತೆ ಅಂತ ಇಟ್ಟುಕೊಳ್ಳಿ. ಮುಂದಿನ ಸಾಲು ಓದುವ ಮುಂಚೆ ಉತ್ತರ ನೀವೇ ಯೋಚಿಸಿ.

ಅಪ್ಪ-ಅಮ್ಮ ಇಬ್ಬರಿಂದಲೂ ಸಾಮಾನ್ಯ ಜೀನ್ ಬಂದವರಿಗೆ ಎರಡು ಗೆರೆ: 300, 200. ಇಬ್ಬರಿಂದಲೂ ಸಿಕಲ್ ಜೀನ್ ಬಂದವರಿಗೆ ಒಂದೇ ಗೆರೆ: 500. ಒಂದು ಅದು, ಒಂದು ಇದು ಇರುವವರಿಗೆ, ಅಂದ್ರೆ ಕ್ಯಾರಿಯರ್‌ಗಳಿಗೆ, ಮೂರು ಗೆರೆ: 500, 300, 200.

ಗೆರೆ ಸುಳ್ಳು ಹೇಳಬಹುದು

ಬೈಹಾರ್ಟ್ ಮಾಡಿದವರು ಇಲ್ಲಿಗೆ ನಿಲ್ಲಿಸ್ತಾರೆ. ಓದೋ ವಿಷಯ ನಿಜವಾಗಿ ಶುರುವಾಗೋದು ಇಲ್ಲಿಂದ.

ಎನ್‌ಜೈಮ್ ಹಳೆಯದಾಗಿ ಕೆಲಸವೇ ಮಾಡಲಿಲ್ಲ ಅಂದ್ಕೊಳ್ಳಿ. ಆರೋಗ್ಯವಾಗಿರುವ ವ್ಯಕ್ತಿಯ ಡಿಎನ್ಎ ಕೂಡ ಕತ್ತರಿಸಿಕೊಳ್ಳಲ್ಲ. ಜೆಲ್ ಮೇಲೆ ಒಂದೇ ಗೆರೆ, 500. ರಿಪೋರ್ಟ್ ಹೇಳುತ್ತೆ: ಕಾಯಿಲೆ ಇದೆ. ಎನ್‌ಜೈಮ್ ಅರ್ಧ ಕೆಲಸ ಮಾಡಿ ನಿಂತರೆ? ಕೆಲವು ತುಂಡು ಕತ್ತರಿಸಿದೆ, ಕೆಲವು ಹಾಗೇ ಇವೆ. ಮೂರು ಗೆರೆ. ರಿಪೋರ್ಟ್ ಹೇಳುತ್ತೆ: ಕ್ಯಾರಿಯರ್. ಡಿಎನ್ಎಯಲ್ಲಿ ಏನೂ ಬದಲಾಗಿಲ್ಲ, ಬಾಟಲಿಯಲ್ಲಿ ಬದಲಾಗಿದೆ ಅಷ್ಟೇ.

ಇದಕ್ಕೇ ಕಂಟ್ರೋಲ್ ಬೇಕು. ಖಂಡಿತ ಸಾಮಾನ್ಯ ಅಂತ ಗೊತ್ತಿರುವ ಒಂದು ಡಿಎನ್ಎಯನ್ನು ಅದೇ ಎನ್‌ಜೈಮ್ ಜೊತೆ, ಅದೇ ಹೊತ್ತು, ಪಕ್ಕದಲ್ಲೇ ಓಡಿಸಬೇಕು. ಅದರಲ್ಲಿ ಎರಡೇ ಗೆರೆ ಬಂದರೆ ಕತ್ತರಿ ಸರಿ ಇದೆ. ಡಿಎನ್ಎ ಹಾಕದೆ ಬರೀ ನೀರು ಹಾಕಿದ ಇನ್ನೊಂದು ಟ್ಯೂಬೂ ಇರಬೇಕು. ಅದರಲ್ಲಿ ಗೆರೆ ಬಂದರೆ ಬೇರೆ ಯಾರದ್ದೋ ಡಿಎನ್ಎ ಒಳಗೆ ಸೇರಿಕೊಂಡಿದೆ ಅಂತ ಅರ್ಥ. ಕಂಟ್ರೋಲ್ ಇಲ್ಲದ ಗೆರೆಗೆ ಬೆಲೆ ಇಲ್ಲ, ಎಷ್ಟೇ ಚೆಂದ ಕಾಣಲಿ. ಇವತ್ತು ಆಸ್ಪತ್ರೆಗಳಲ್ಲಿ ಎಚ್‌ಪಿಎಲ್‌ಸಿ, ಸೀಕ್ವೆನ್ಸಿಂಗ್ ಥರದ ವಿಧಾನಗಳಿವೆ, ಆದರೆ ಅಲ್ಲೂ ಇದೇ ನಿಯಮ.

ಮೂರು ಗೆರೆ ಅಂದ್ರೆ ಅರ್ಧ ಕಾಯಿಲೆ ಅಲ್ಲ

ಇಷ್ಟೆಲ್ಲ ಯಾಕೆ ಮುಖ್ಯ? ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರು ಮಾಡಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸೋದು, 2047ರೊಳಗೆ ಕಾಯಿಲೆಯನ್ನು ಇಲ್ಲವಾಗಿಸೋದು ಗುರಿ. ಪರೀಕ್ಷೆ ಆದವರಿಗೆ ಅವರ ಜೀನ್ ಸ್ಥಿತಿ ಹೇಳುವ ಕಾರ್ಡ್ ಕೊಡ್ತಾರೆ.

ಈಗ ಒಂದು ಹುಡುಗಿಯ ಕಾರ್ಡಲ್ಲಿ 'ಕ್ಯಾರಿಯರ್' ಅಂತ ಇದೆ ಅಂದ್ಕೊಳ್ಳಿ. ಅವಳಿಗೆ ಕಾಯಿಲೆ ಇದೆಯಾ? ಇಲ್ಲ. ಅವಳ ಒಂದು ಜೀನ್ ಒಳ್ಳೆ ಹಿಮೋಗ್ಲೋಬಿನ್ ಮಾಡುತ್ತೆ, ಸಾಮಾನ್ಯ ಜೀವನಕ್ಕೆ ಅದು ಸಾಕು. ಅಷ್ಟೇ ಅಲ್ಲ, ಕ್ಯಾರಿಯರ್‌ಗಳಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತೆ ಅಂತ 1954ರಲ್ಲೇ ಆಲಿಸನ್ ಅನ್ನೋ ವಿಜ್ಞಾನಿ ತೋರಿಸಿದ್ರು. ಮಲೇರಿಯಾ ಜಾಸ್ತಿ ಇದ್ದ ಕಾಡು ಪ್ರದೇಶಗಳಲ್ಲಿ ಈ ಅಕ್ಷರ ಅಳಿಯದೆ ಉಳಿದಿರೋದು ಅದಕ್ಕೇ. ಆ ಊರಿನವರ ಪೂರ್ವಿಕರು ಮಲೇರಿಯಾ ದಾಟಿ ಬಂದ ಗುರುತು ಅದು.

ಲೆಕ್ಕ ಬರೋದು ಕ್ಯಾರಿಯರ್ ಇನ್ನೊಬ್ಬ ಕ್ಯಾರಿಯರನ್ನು ಮದುವೆಯಾದಾಗ. ಆಗ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಕ್ಯಾರಿಯರ್ ಆಗುವುದು ನಾಲ್ಕರಲ್ಲಿ ಎರಡು, ಎರಡೂ ಜೀನ್ ಸಾಮಾನ್ಯ ಇರುವುದು ನಾಲ್ಕರಲ್ಲಿ ಒಂದು. "ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬರಲ್ಲ" ಅನ್ನೋ ಹಾಗಿಲ್ಲ. ನಾಣ್ಯಕ್ಕೆ ಹಿಂದಿನ ಟಾಸ್ ನೆನಪಿರಲ್ಲ. ಸಂಗಾತಿ ಕ್ಯಾರಿಯರ್ ಅಲ್ಲದಿದ್ದರೆ, ಬೀಟಾ ಗ್ಲೋಬಿನ್‌ನ ಬೇರೆ ದೋಷವೂ ಇಲ್ಲದಿದ್ದರೆ, ಮಕ್ಕಳಿಗೆ ಈ ಕಾಯಿಲೆ ಬರೋದೇ ಇಲ್ಲ.

ಇದು ಗೊತ್ತಿಲ್ಲದೆ ಕಾರ್ಡ್ ನೋಡಿ "ಹುಡುಗಿಗೆ ರಕ್ತದ ದೋಷ ಇದೆಯಂತೆ, ಸಂಬಂಧ ಬೇಡ" ಅಂತ ಯಾರಾದರೂ ಎದ್ದು ಹೋದರೆ, ಅಲ್ಲಿ ಸೋತಿದ್ದು ಅವಳ ಜೀನ್ ಅಲ್ಲ, ನಮ್ಮ ವಿವರಣೆ. ಮೂರು ಗೆರೆಯನ್ನು ಸರಿಯಾಗಿ ಓದೋದು ಅರ್ಧ ಕೆಲಸ, ಅದನ್ನು ಕನ್ನಡದಲ್ಲಿ, ಮನೆಯವರಿಗೆ ಅರ್ಥವಾಗೋ ಹಾಗೆ ಹೇಳೋದು ಉಳಿದರ್ಧ. ಆ ಉಳಿದರ್ಧ ನಮ್ಮ ಸಿಲಬಸ್‌ನಲ್ಲಿ ಇಲ್ಲ.

ಹಾಗಾದ್ರೆ ಸರಿ ಮಾಡೋಕೆ ಆಗಲ್ವಾ?

2023ರ ಕೊನೆಯಲ್ಲಿ ಬ್ರಿಟನ್, ಆಮೇಲೆ ಅಮೆರಿಕ, ಕ್ರಿಸ್ಪರ್ ಬಳಸಿದ ಮೊದಲ ಚಿಕಿತ್ಸೆ ಕ್ಯಾಸ್ಜೆವಿಗೆ ಒಪ್ಪಿಗೆ ಕೊಟ್ಟವು. ತಮಾಷೆ ಅಂದ್ರೆ ಅದು ಆ ಕೆಟ್ಟ ಅಕ್ಷರವನ್ನು ತಿದ್ದೋದೇ ಇಲ್ಲ! ಹುಟ್ಟುವ ಮುಂಚೆ ನಮ್ಮಲ್ಲಿ ಬೇರೊಂದು ಹಿಮೋಗ್ಲೋಬಿನ್ ಇರುತ್ತೆ, ಹುಟ್ಟಿದ ಮೇಲೆ ಅದು ಆಫ್ ಆಗುತ್ತೆ. ಈ ಚಿಕಿತ್ಸೆ ಆಫ್ ಮಾಡುವ ಸ್ವಿಚ್ಚನ್ನೇ ಹಾಳು ಮಾಡುತ್ತೆ, ಹಳೆಯದು ಮತ್ತೆ ಆನ್ ಆಗುತ್ತೆ. ಸಿಎಸ್ ಭಾಷೆಯಲ್ಲಿ ಇದು ಬಗ್ ಫಿಕ್ಸ್ ಅಲ್ಲ, ವರ್ಕ್‌ಅರೌಂಡ್. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಬಿಳಿಗಿರಿರಂಗನ ಬೆಟ್ಟದ ಹಾಡಿಯಿಂದ ಆ ಬೆಲೆಯನ್ನು ಒಮ್ಮೆ ಯೋಚಿಸಿ. ಸದ್ಯಕ್ಕೆ ಹೈಡ್ರಾಕ್ಸಿಯೂರಿಯಾ ಅನ್ನೋ ಕಡಿಮೆ ಬೆಲೆಯ ಮಾತ್ರೆ ಅದೇ ಹಳೆಯ ಹಿಮೋಗ್ಲೋಬಿನನ್ನು ಸ್ವಲ್ಪ ಹೆಚ್ಚಿಸಿ ನೋವು ಕಡಿಮೆ ಮಾಡುತ್ತೆ.

ಈ ಬೆಲೆ ಇಳಿಸೋದು ಬಯಾಲಜಿಯವರೊಬ್ಬರ ಕೆಲಸ ಅಲ್ಲ. ಪಿಸಿಆರ್ ಮಷಿನ್ನಿನ ಒಳಗಿರೋದು ಹೀಟ್ ಟ್ರಾನ್ಸ್‌ಫರ್, ಮೆಕ್ಯಾನಿಕಲ್‌ನವರ ಪೇಪರ್. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬೇಕಿರೋದು ಕೈಯಲ್ಲಿ ಹಿಡಿಯೋ ಸೆನ್ಸರ್, ಅದು ಇಸಿಯವರದ್ದು. ದೆಹಲಿಯ ಐಜಿಐಬಿಯವರು ಸಿಕಲ್ ಸೆಲ್ ಅಕ್ಷರ ಪತ್ತೆಗೆ ಅಂತ ಕೆಲಸ ಮಾಡ್ತಿದ್ದ ಕ್ರಿಸ್ಪರ್ ತಂತ್ರವೇ 2020ರಲ್ಲಿ 'ಫೆಲೂದಾ' ಅನ್ನೋ ಕೋವಿಡ್ ಪೇಪರ್ ಸ್ಟ್ರಿಪ್ ಟೆಸ್ಟ್ ಆಯ್ತು.

ಓದಬೇಕು ಅನಿಸಿದ್ರೆ

ಎಲೆಕ್ಟಿವ್ ತಗೊಳ್ಳೋರಿಗೆ ಎರಡು ಮಾತು. ಲ್ಯಾಬ್‌ಗೆ ಹೋಗುವ ಮುಂಚೆ ಬರಬೇಕಾದ ಜೆಲ್ಲನ್ನು ಪೆನ್ಸಿಲಲ್ಲಿ ಬರೆದುಕೊಂಡು ಹೋಗಿ. ಹಾಗೆ ಬರೆಯೋಕೆ ಆಗಲಿಲ್ಲ ಅಂದ್ರೆ ಪ್ರಯೋಗ ಅರ್ಥವಾಗಿಲ್ಲ ಅಂತ. ಇನ್ನೊಂದು, ಎನ್‌ಸಿಬಿಐ ವೆಬ್‌ಸೈಟ್‌ನಲ್ಲಿ ಈ ಜೀನ್‌ನ ಪೂರ್ತಿ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ಎಚ್‌ಬಿಬಿ ಅಂತ ಹುಡುಕಿ, ಸಿಸಿಟಿ-ಜಿಎಜಿ-ಜಿಎಜಿ ಎಲ್ಲಿದೆ ಅಂತ ನೀವೇ ಕಂಡುಹಿಡಿಯಿರಿ. ಮುಂದೆ ಓದೋರಿಗೆ ಗೇಟ್‌ನಲ್ಲಿ ಬಯೋಟೆಕ್ ಪೇಪರ್ ಇದೆ, ಗ್ಯಾಟ್-ಬಿ ಇದೆ.

ಕೊನೆಗೆ ಒಂದು ಪ್ರಶ್ನೆ, ಯಾವ ಬ್ರಾಂಚಿನವರಾದರೂ ಉತ್ತರಿಸಬಹುದು. ಜೆಲ್‌ನಲ್ಲಿ ಒಬ್ಬ ಹುಡುಗಿಯ ಸ್ಯಾಂಪಲ್‌ಗೆ ಮೂರು ಗೆರೆ ಬಂದಿದೆ. ಪಕ್ಕದಲ್ಲಿ, ಸಾಮಾನ್ಯ ಅಂತ ಖಚಿತವಾಗಿ ಗೊತ್ತಿರುವ ಕಂಟ್ರೋಲ್‌ಗೂ ಮೂರು ಗೆರೆ. ನೀವು ರಿಪೋರ್ಟಲ್ಲಿ ಏನು ಬರೀತೀರಿ?

ಏನೂ ಬರೆಯಬಾರದು. ಹೊಸ ಎನ್‌ಜೈಮ್ ತಂದು ಮತ್ತೆ ಮೊದಲಿಂದ ಮಾಡಬೇಕು.